ಎಂಟರ್ ಕೀ ನಾಲ್ಕು ಸಲ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡನೇ ವರ್ಷ ಇರಬೇಕು. ಸಪೋರ್ಟ್ ಟೀಮಿನಿಂದ ನನಗೆ ಒಂದು ಟಿಕೆಟ್, ಅಂದರೆ ಬಳಕೆದಾರರ ದೂರು, ಬಂತು. ಒಬ್ಬ ಮಹಿಳೆ, ಒಂದೇ ಪಾವತಿ ಎರಡು ಸಲ ಆಗಿದೆ ಎಂದು ದೂರು ಕೊಟ್ಟಿದ್ದರು. ನಾನು ಕಟ್ಟಿದ್ದು ಒಂದೇ ಸಲ, ಎರಡನೆಯದು ಎಲ್ಲಿಂದ ಬಂತೋ ಗೊತ್ತಿಲ್ಲ ಅಂತ ಅವರು ಬರೆದಿದ್ದರು. ಸಿಸ್ಟಮ್ ತಾನೇ ಬರೆದಿಡುವ ದಾಖಲೆಯನ್ನು, ಅಂದರೆ ಲಾಗ್ ಅನ್ನು, ತೆಗೆದು ನೋಡಿದೆ. ಒಂದೇ ಖಾತೆಯಿಂದ ಎರಡು ರಿಕ್ವೆಸ್ಟ್ ಬಂದಿವೆ. ನಡುವೆ ಎರಡು ಸೆಕೆಂಡೂ ಇಲ್ಲ. ನನಗೆ ಅಷ್ಟು ಸಾಕಾಯಿತು. "ಬಳಕೆದಾರರು ಬಟನ್ ಎರಡು ಸಲ ಒತ್ತಿದ್ದಾರೆ, ಸಿಸ್ಟಮ್ ಸರಿಯಾಗಿದೆ" ಎಂದು ಬರೆದು ಟಿಕೆಟ್ ಮುಚ್ಚಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮೂರು ವಾರ ಬಿಟ್ಟು ಬೇರೆ ಯಾವುದೋ ಕೆಲಸಕ್ಕೆ ಅದೇ ಪುಟ ತೆರೆದೆ. ನೆಟ್‌ವರ್ಕನ್ನು ಬೇಕಂತಲೇ ನಿಧಾನ ಮಾಡಿ ಪರೀಕ್ಷೆ ಮಾಡುತ್ತಿದ್ದೆ. ಬಟನ್ ಒತ್ತಿದೆ. ಏನೂ ಆಗಲಿಲ್ಲ. ಚಕ್ರ ತಿರುಗಲಿಲ್ಲ, ಬಟನ್ನಿನ ಬಣ್ಣ ಬದಲಾಗಲಿಲ್ಲ, ಸ್ವಲ್ಪ ಕಾಯಿರಿ ಎಂಬ ಒಂದು ಸಾಲೂ ಇಲ್ಲ. ಕೈ ತಾನಾಗಿಯೇ ಇನ್ನೊಂದು ಸಲ ಒತ್ತಿತು. ಡೇಟಾಬೇಸಿನಲ್ಲಿ ಎರಡು ಪಾವತಿ ಬಂದು ಕೂತವು.

ಆಗ ಆ ಮಹಿಳೆಯ ಟಿಕೆಟ್ ನೆನಪಾಯಿತು. ಅವರ ಪಾಲಿಗೆ ಅವರು ಕಟ್ಟಿದ್ದು ನಿಜವಾಗಿಯೂ ಒಂದೇ ಸಲ. ಮೊದಲ ಸಲ ಒತ್ತಿದ್ದು ಹೋಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟಿಕೆಟ್ ಮತ್ತೆ ತೆರೆಸಿದೆ, ಹಣ ವಾಪಸ್ ಹೋಯಿತು, ಕೋಡಿನಲ್ಲಿದ್ದ ತಪ್ಪು, ಅಂದರೆ ಬಗ್, ಸರಿಯಾಯಿತು. ಸರಿ ಮಾಡುವ ದಾರಿ ಹೊಸದೇನಲ್ಲ. ಪ್ರತಿ ಪಾವತಿಗೂ ಮೊದಲೇ ಒಂದು ಗುರುತಿನ ಸಂಖ್ಯೆ ಕೊಟ್ಟಿರಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ, ಇದು ಆಗಲೇ ಆಗಿದೆ ಎಂದು ಸರ್ವರ್ ಸುಮ್ಮನಿರಬೇಕು. ನಮ್ಮ ಕೆಲಸದವರು ಇದನ್ನು ಐಡೆಂಪೊಟೆನ್ಸಿ ಅನ್ನುತ್ತಾರೆ. ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಆ ಪುಟದಲ್ಲಿ ಇರಲಿಲ್ಲ.

ಮೂರು ವಾರ ಒಬ್ಬ ಮನುಷ್ಯರಿಗೆ "ಸಿಸ್ಟಮ್ ಸರಿಯಾಗಿದೆ" ಎಂಬ ಉತ್ತರ ಸಿಕ್ಕಿತ್ತು. ಆ ಸಾಲು ಬರೆದದ್ದು ನಾನು. ಬ್ರಿಟನ್ನಿನ ಪೋಸ್ಟ್ ಆಫೀಸ್ ಪ್ರಕರಣದ ಬಗ್ಗೆ ಓದುವಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ.

ಆ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1999ರಲ್ಲಿ ಅಲ್ಲಿನ ಪೋಸ್ಟ್ ಆಫೀಸ್ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ತರಲು ಶುರು ಮಾಡಿತು. ಅದನ್ನು ನಡೆಸುತ್ತಿದ್ದದ್ದು ಫುಜಿತ್ಸು ಕಂಪನಿ. ಅಲ್ಲಿ ಹೆಚ್ಚಿನ ಶಾಖೆಗಳನ್ನು ನೋಡಿಕೊಳ್ಳುವವರು ಸಂಬಳದ ನೌಕರರಲ್ಲ, ಕರಾರಿನ ಮೇಲೆ ನಡೆಸುವ ಸಬ್ ಪೋಸ್ಟ್‌ಮಾಸ್ಟರ್‌ಗಳು. ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಅವರೇ ಕೈಯಿಂದ ತುಂಬಬೇಕು ಎಂದು ಸಂಸ್ಥೆ ಆ ಕರಾರನ್ನೇ ತೋರಿಸುತ್ತಿತ್ತು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಒಂದೊಂದು ಕಡೆ ಹಣ ಕಡಿಮೆ ಬರತೊಡಗಿತು. ಅಸಲಿಗೆ ಪೆಟ್ಟಿಗೆಯಲ್ಲಿ ಹಣ ಸರಿಯಾಗಿಯೇ ಇತ್ತು, ಪರದೆಯ ಮೇಲಿನ ಲೆಕ್ಕ ತಪ್ಪಿತ್ತು. ಆದರೆ ಅದನ್ನು ಯಾರೂ ನಂಬಲಿಲ್ಲ.

ದಕ್ಷಿಣ ಇಂಗ್ಲೆಂಡಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಎಂಬವರು ಶಾಖೆ ನಡೆಸುತ್ತಿದ್ದರು. ಒಂದು ದಿನ ಪರದೆ ಸುಮಾರು 2,000 ಪೌಂಡ್ ಕಡಿಮೆ ತೋರಿಸಿತು. ಅವರು ಹೆಲ್ಪ್‌ಲೈನಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದರು. ಫೋನ್ ಕಿವಿಯಲ್ಲಿರುವಾಗಲೇ, ಕಣ್ಣೆದುರಿಗೇ, ಕೊರತೆ ದುಪ್ಪಟ್ಟಾಯಿತು. ಮನೆ ಅಡವಿಟ್ಟು ಹಣ ತುಂಬಿದರು. ಜೈಲು ತಪ್ಪಿಸಿಕೊಳ್ಳಲು, ಸುಳ್ಳು ಲೆಕ್ಕ ಬರೆದೆ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡರು, 2008ರಲ್ಲಿ ಶಿಕ್ಷೆಯಾಯಿತು. ಊರಿನವರು ಅವರನ್ನು ಕೈಬಿಡಲಿಲ್ಲ, ಹಣ ಕೂಡಿಸಿ ಕೊಟ್ಟರು. ಆ ಶಿಕ್ಷೆ ರದ್ದಾಗಲು 2021ರ ತನಕ ಕಾಯಬೇಕಾಯಿತು.

1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಹೀಗೆ ಶಿಕ್ಷೆಯಾಯಿತು. ಅದರಲ್ಲಿ ಸುಮಾರು 700 ಮೊಕದ್ದಮೆಗಳನ್ನು ಹೂಡಿದ್ದು ಪೊಲೀಸರೂ ಅಲ್ಲ, ಪೋಸ್ಟ್ ಆಫೀಸೇ. ದೂರು ಅದರದ್ದು, ತನಿಖೆ ಅದರದ್ದು, ಸಾಕ್ಷಿ ಅದರ ಕಂಪ್ಯೂಟರಿನದ್ದು. ಕನಿಷ್ಠ 13 ಜನ ಈ ಪ್ರಕರಣದಿಂದಾಗಿ ಜೀವ ಕಳೆದುಕೊಂಡಿರಬಹುದು ಎಂದು ಸಾರ್ವಜನಿಕ ವಿಚಾರಣೆಯ ವರದಿ 2025ರ ಜುಲೈನಲ್ಲಿ ಹೇಳಿತು. ಒಂದು ಲೆಕ್ಕದ ಸಾಫ್ಟ್‌ವೇರಿನ ಕಥೆಯಲ್ಲಿ ಈ ಸಾಲು ಬರುತ್ತದೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಈ ಪ್ರಕರಣದಲ್ಲಿ ಬಗ್‌ಗಳು ಒಂದೆರಡಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆ, 2015ರ ಅಕ್ಟೋಬರ್. ದೊಡ್ಡ ಶಾಖೆಯಿಂದ ಸಣ್ಣ ಶಾಖೆಗೆ 8,000 ಪೌಂಡ್ ನಗದು ಹೋಗಿದೆ. ಅದು ಬಂದು ಸೇರಿತು ಎಂದು ಸಿಸ್ಟಮ್‌ನಲ್ಲಿ ದಾಖಲಿಸಬೇಕು. ಚೀಲದ ಬಾರ್‌ಕೋಡ್ ಸ್ಕ್ಯಾನ್ ಮಾಡಿದರು, ರಸೀದಿ ಬಂತು. ಪರದೆ ಮಾತ್ರ ಮುಂದೆ ಹೋಗಲಿಲ್ಲ, ಅಲ್ಲೇ ನಿಂತಿತು. ಎಂಟರ್ ಒತ್ತಿದರು. ಮತ್ತೆ ಒತ್ತಿದರು. ಇನ್ನೊಂದು ಸಲ. ಪರದೆ ಸುಮ್ಮನೆ ಅದನ್ನೇ ತೋರಿಸುತ್ತಿತ್ತು. ಹಿಂದೆ ಮಾತ್ರ ಪ್ರತಿ ಸಲವೂ ಹೊಸದಾಗಿ 8,000 ಬಂದಿದೆ ಎಂದು ಲೆಕ್ಕ ಬರೆದುಕೊಳ್ಳುತ್ತಿತ್ತು. ನಾಲ್ಕು ಸಲ. ಒಟ್ಟು 32,000. ಕೈಯಲ್ಲಿ ಇದ್ದದ್ದು 8,000. ಸಿಸ್ಟಮ್ ಪ್ರಕಾರ 24,000 ಪೌಂಡ್ ನಾಪತ್ತೆ.

ನನ್ನ ಟಿಕೆಟ್ಟೂ ಇದೇ ಬಗ್ ಅಲ್ವಾ? ಅದೇ ನಿಂತ ಪರದೆ, ಅದೇ ಎರಡನೇ ಒತ್ತು, ಗುರುತಿನ ಸಂಖ್ಯೆಯ ಅದೇ ಕೊರತೆ. ಫುಜಿತ್ಸು ವಿಚಾರಿಸಿ ನೋಡಿದಾಗ ಹೊರೈಜನ್‌ನ ಆ ಬಗ್ 2010ರಿಂದಲೇ ಬೇರೆ ಶಾಖೆಗಳಲ್ಲೂ ಆಗಿತ್ತು ಎಂದು ಗೊತ್ತಾಯಿತು. ಐದು ವರ್ಷ. ಆ ಐದು ವರ್ಷ ಯಾರೋ ಒಬ್ಬರು ಲಾಗ್ ತೆಗೆದು ನೋಡಿರುತ್ತಾರೆ, ಬಳಕೆದಾರರು ಎಂಟರ್ ಜಾಸ್ತಿ ಸಲ ಒತ್ತಿದ್ದಾರೆ ಅಂದುಕೊಂಡಿರುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಆ ಯಾರೋ ಒಬ್ಬರ ಮುಖ ನನಗೆ ಚೆನ್ನಾಗಿ ಗೊತ್ತು.

ಲಾಗ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಒಳಗಿನವರಾದ ನಾವು ಹೇಳುವುದಿಲ್ಲ. ಲಾಗ್ ಅಂದರೆ ಸಿಸಿಟಿವಿ ಇದ್ದ ಹಾಗೆ ಎಂದು ಜನ ಅಂದುಕೊಳ್ಳುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹಿಡಿದಿಡುತ್ತದೆ ಎಂದು. ಆದರೆ ಲಾಗ್ ಬರೆಯುವುದು ಅದೇ ಪ್ರೋಗ್ರಾಮ್. ಯಾವ ಪ್ರೋಗ್ರಾಮರ್ ಆ ತಪ್ಪು ಮಾಡಿದರೋ, ಇಂಥ ಕಡೆ ಇಂಥ ಸಾಲು ಬರೆಯಿರಿ ಎಂದು ಹೇಳಿಟ್ಟವರೂ ಅವರೇ. ಅವರಿಗೆ ಹೊಳೆಯದ ಸಂದರ್ಭದಲ್ಲಿ ಲಾಗ್ ಏನೂ ಹೇಳುವುದಿಲ್ಲ. "ಪಾವತಿ ಯಶಸ್ವಿ" ಎಂದು ಲಾಗ್‌ನಲ್ಲಿದ್ದರೆ ಅದರ ಅರ್ಥ, ಕೋಡ್ ಆ ಸಾಲಿನ ತನಕ ಬಂತು ಅಂತ ಅಷ್ಟೇ. ಹಣ ನಿಜವಾಗಿ ಹೋಯಿತೋ, ಒಂದೇ ಸಲ ಹೋಯಿತೋ ಎಂಬುದನ್ನು ಬೇರೆ ಕಡೆ ಹೋಗಿ ನೋಡಬೇಕು. ನನ್ನ ಟಿಕೆಟ್ಟಿನಲ್ಲೇ ನೋಡಿ. ಎರಡು ರಿಕ್ವೆಸ್ಟ್ ಬಂದಿದೆ ಎಂದು ಲಾಗ್ ಸರಿಯಾಗಿಯೇ ಹೇಳಿತ್ತು. ನಡುವೆ ಆ ಮಹಿಳೆ ನೋಡುತ್ತಿದ್ದ ಪರದೆ ಹೇಗಿತ್ತು ಎಂಬುದು ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅದನ್ನು ಬರೆಯಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಇಂಗ್ಲೆಂಡಿನ ಕಾನೂನು ಒಂದು ಕಾಲದಲ್ಲಿ ಈ ವಿಷಯದಲ್ಲಿ ಎಚ್ಚರದಿಂದಿತ್ತು. 1984ರ ಕಾನೂನಿನ ಪ್ರಕಾರ ಕ್ರಿಮಿನಲ್ ಮೊಕದ್ದಮೆಯಲ್ಲಿ ಕಂಪ್ಯೂಟರಿನ ದಾಖಲೆ ತರುವವರು, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. ಇದು ಸುಮ್ನೆ ತೊಡಕು ಎಂದು 1999ರ ಇನ್ನೊಂದು ಕಾನೂನಿನಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಕಂಪ್ಯೂಟರ್ ಸರಿಯಾಗಿದೆ ಎಂದೇ ಕೋರ್ಟ್ ಮೊದಲು ಎಣಿಸುತ್ತದೆ. ಇಲ್ಲ ಅನ್ನುವವರು ಅದನ್ನು ತೋರಿಸಿಕೊಡಬೇಕು. ಹಳ್ಳಿಯಲ್ಲಿ ಅಂಚೆ ಚೀಟಿ ಮಾರುವವರು ಒಂದು ದೊಡ್ಡ ಕಂಪನಿಯ ಕೋಡಿನಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಬೇಕು. ಅವರಿಗೆ ಆ ಕೋಡೂ ಕಾಣುವುದಿಲ್ಲ, ಲಾಗೂ ಕಾಣುವುದಿಲ್ಲ. ಹೊರೈಜನ್ ಬಂದದ್ದೂ 1999, ಈ ಕಾನೂನು ಬಂದದ್ದೂ 1999.

ಇನ್ನು ಸುದ್ದಿಯ ವಿಷಯ. ನನಗೆ ತುಂಬ ಕಾಡಿದ್ದು ಇದೇ.

ಈ ಕಥೆ ಮುಚ್ಚಿಟ್ಟಿದ್ದಾಗಿರಲಿಲ್ಲ. 2009ರ ಮೇ ತಿಂಗಳಲ್ಲೇ ಕಂಪ್ಯೂಟರ್ ವೀಕ್ಲಿ ಎಂಬ ಪತ್ರಿಕೆ ಏಳು ಸಬ್ ಪೋಸ್ಟ್‌ಮಾಸ್ಟರ್‌ಗಳ ಮಾತನ್ನು ಅಚ್ಚು ಹಾಕಿತ್ತು. ಅದು ನಮ್ಮಂಥವರೇ ಓದುವ ಪತ್ರಿಕೆ. ವೇಲ್ಸಿನ ಲಾಂಡಡ್ನೋದಲ್ಲಿ ಶಾಖೆ ನಡೆಸುತ್ತಿದ್ದ ಆಲನ್ ಬೇಟ್ಸ್ ಆ ಏಳು ಜನರಲ್ಲಿ ಒಬ್ಬರು. ಲೆಕ್ಕ ಒಪ್ಪುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ 2003ರಲ್ಲೇ ಅವರ ಕರಾರು ಹೋಗಿತ್ತು. ಹೆಲ್ಪ್‌ಲೈನಿಗೆ ಫೋನ್ ಮಾಡಿದ ಎಷ್ಟೋ ಜನರಿಗೆ, ಇಂಥ ತೊಂದರೆ ನಿಮಗೊಬ್ಬರಿಗೇ ಎಂದು ಉತ್ತರ ಸಿಕ್ಕಿತ್ತು. ಆ ಲೇಖನ ಬಂದ ಮೇಲೆ, ನಾನೊಬ್ಬನೇ ಅಲ್ಲ ಎಂದು ಅವರಿಗೆ ಗೊತ್ತಾಯಿತು. ಅದೇ ವರ್ಷ ಫೆನ್ನಿ ಕಾಂಪ್ಟನ್ ಎಂಬ ಊರಿನ ಸಭಾಭವನದಲ್ಲಿ ಮೊದಲ ಸಲ ಒಟ್ಟಿಗೆ ಕೂತರು. ಒಂದು ಸಣ್ಣ ಪತ್ರಿಕೆಯ ಲೇಖನ ಇಷ್ಟು ಮಾಡಿತು. ಸುದ್ದಿಯ ಮೇಲಿನ ನನ್ನ ನಂಬಿಕೆ ಪೂರ್ತಿ ಹೋಗದೆ ಇರುವುದಕ್ಕೆ ಇದೂ ಒಂದು ಕಾರಣ.

ಆದರೆ ದೊಡ್ಡ ಸುದ್ದಿ ಆಗಲಿಲ್ಲ. ವರ್ಷಗಟ್ಟಲೆ ಆಗಲಿಲ್ಲ. 2015ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ರಿಚರ್ಡ್ ರೋಲ್ ಎಂಬವರು ಮಾತಾಡಿದರು. ಫುಜಿತ್ಸುವಿನಲ್ಲಿ ಹೊರೈಜನ್ ಮೇಲೆ ಕೆಲಸ ಮಾಡಿದವರು. ಶಾಖೆಯವರಿಗೆ ಗೊತ್ತಾಗದ ಹಾಗೆ ನಾವು ದೂರದಿಂದಲೇ ಅವರ ಲೆಕ್ಕಕ್ಕೆ ಕೈ ಹಾಕಬಹುದಿತ್ತು ಎಂದು ಹೇಳಿದರು. ಅದು ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ಹೇಳುತ್ತಲೇ ಬಂದಿತ್ತು. 2019ರ ಡಿಸೆಂಬರಿನಲ್ಲಿ, 555 ಜನ ಸೇರಿ ಹೂಡಿದ ದಾವೆಯಲ್ಲಿ, ನ್ಯಾಯಮೂರ್ತಿ ಫ್ರೇಸರ್ ಸಂಸ್ಥೆಯ ವಾದ ಭೂಮಿ ಚಪ್ಪಟೆಯಾಗಿದೆ ಎಂದು ಈ ಶತಮಾನದಲ್ಲಿ ಹಟ ಹಿಡಿದ ಹಾಗಿದೆ ಎಂದು ತೀರ್ಪಿನಲ್ಲೇ ಬರೆದರು. ಅಷ್ಟಾದರೂ ಬೀದಿಯ ಜನರಿಗೆ ಮುಟ್ಟಲಿಲ್ಲ. 2024ರ ಜನವರಿಯಲ್ಲಿ ಐಟಿವಿ ಇದರ ಮೇಲೆ ನಾಲ್ಕು ಕಂತಿನ ನಾಟಕ ತೋರಿಸಿತು. ಇಡೀ ದೇಶ ಸಿಟ್ಟಾಯಿತು. ಮೇ 24ಕ್ಕೆ, ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನೇ ಬಂತು. ಹದಿನೈದು ವರ್ಷದ ವರದಿಗಳಿಗೆ ಆಗದ್ದು ಟಿವಿಯ ನಾಲ್ಕು ಕಂತಿಗೆ ಆಯಿತು.

ನನಗೆ ಇದರಲ್ಲಿ ಸಂತೋಷವೂ ಇದೆ, ನೋವೂ ಇದೆ. ಆ ಹದಿನೈದು ವರ್ಷ ನಾನೂ ಸಾಫ್ಟ್‌ವೇರ್ ಸುದ್ದಿ ದಿನಾ ಓದುತ್ತಿದ್ದೆ. ಹೊಸ ಫೋನ್, ಹೊಸ ಭಾಷೆ, ಯಾವ ಕಂಪನಿ ಯಾವುದನ್ನು ಕೊಂಡಿತು, ಎಲ್ಲ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಕಣ್ಣಿಗೆ ಬಿದ್ದಿದ್ದರೂ ಯಾವುದೋ ಹಳೆಯ ಲೆಕ್ಕದ ಪ್ಯಾಕೇಜ್ ಎಂದು ಮುಂದೆ ಹೋಗಿರುತ್ತಿದ್ದೆ.

ಇದಕ್ಕೆ ಹೋಲಿಸಿ 2024ರ ಜುಲೈ 19 ನೋಡಿ. ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತೆಯ ಕಂಪನಿಯ ಒಂದು ಅಪ್‌ಡೇಟ್ ಫೈಲ್ ಕೆಟ್ಟಿತ್ತು. ಕೋಡ್ 20 ಮೌಲ್ಯ ಕೊಡುತ್ತಿದ್ದ ಕಡೆ ಹೊಸ ಫೈಲ್ 21ನೆಯದನ್ನು ಹುಡುಕಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಲೆಕ್ಕ ಹಾಕಿತು. ವಿಮಾನ ನಿಂತವು, ಆಸ್ಪತ್ರೆಗಳು ಪರದಾಡಿದವು, ಕೆಲವೇ ಗಂಟೆಗಳಲ್ಲಿ ಇಡೀ ಪ್ರಪಂಚಕ್ಕೆ ಸುದ್ದಿ ಮುಟ್ಟಿತು. ಅದು ಮುಟ್ಟಲೇಬೇಕಾದ ಸುದ್ದಿ, ಆ ಬಗ್ಗೆ ತಕರಾರಿಲ್ಲ. ಕಂಪನಿಯೂ ಎಲ್ಲಿ ತಪ್ಪಿತು ಎಂದು ಮುಂದಿನ ತಿಂಗಳೇ ವಿವರವಾಗಿ ಬರೆದು ಎಲ್ಲರ ಮುಂದೆ ಇಟ್ಟಿತು. ಆದರೆ ನೀಲಿ ಪರದೆಯ ಫೋಟೋ ತೆಗೆಯಬಹುದು. ಸಾಲುಗಟ್ಟಿ ನಿಂತ ಪ್ರಯಾಣಿಕರ ಫೋಟೋ ತೆಗೆಯಬಹುದು. ಒಂದು ಹಳ್ಳಿಯ ಶಾಖೆಯಲ್ಲಿ ಲೆಕ್ಕ ತಪ್ಪಿದ್ದರ ಫೋಟೋ ಯಾರು ತೆಗೆಯುತ್ತಾರೆ? ಅಲ್ಲಿ ಯಂತ್ರ ನಿಲ್ಲುವುದಿಲ್ಲ. ಚೆನ್ನಾಗಿಯೇ ಓಡುತ್ತಿರುತ್ತದೆ. ನಿಂತುಹೋಗುವ ಸಾಫ್ಟ್‌ವೇರಿಗಿಂತ ತಪ್ಪು ಲೆಕ್ಕ ಹೇಳುತ್ತ ಓಡುವ ಸಾಫ್ಟ್‌ವೇರ್‌ಗೆ ನಾನು ಹೆಚ್ಚು ಹೆದರುತ್ತೇನೆ.

ಆಸ್ಟ್ರೇಲಿಯಾ ಸರ್ಕಾರ ಭತ್ಯೆಯ ಹಣ ವಾಪಸ್ ವಸೂಲಿ ಮಾಡಲು ತಂದ ರೋಬೋಡೆಟ್ ಎಂಬ ವ್ಯವಸ್ಥೆಯಲ್ಲಿ ಬಗ್ ಕೂಡ ಇರಲಿಲ್ಲ. ಸರ್ಕಾರದ ಭತ್ಯೆ ಪಡೆದವರ ವರ್ಷದ ಆದಾಯವನ್ನು 26 ಭಾಗ ಮಾಡಿ, ಪ್ರತಿ ಎರಡು ವಾರಕ್ಕೂ ಇಷ್ಟಿಷ್ಟು ದುಡಿದಿದ್ದೀರಿ ಎಂದು ಎಣಿಸುತ್ತಿತ್ತು. ಅರ್ಧ ವರ್ಷ ಕೆಲಸವಿಲ್ಲದೆ ಭತ್ಯೆ ಪಡೆದು, ಉಳಿದ ಅರ್ಧ ವರ್ಷ ದುಡಿದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಈ ಲೆಕ್ಕದಲ್ಲಿ ಆತ ವರ್ಷವಿಡೀ ದುಡಿದಿದ್ದಾನೆ, ಭತ್ಯೆ ಮೋಸದಿಂದ ಪಡೆದಿದ್ದಾನೆ, ಈಗ ಸಾಲಗಾರ. ಅಲ್ಲ ಎಂದರೆ ಹಳೆಯ ಸಂಬಳದ ಚೀಟಿ ಆತನೇ ಹುಡುಕಿ ತರಬೇಕು. 2023ರ ಜುಲೈನಲ್ಲಿ ರಾಯಲ್ ಕಮಿಷನ್ ಎಂಬ ಅಲ್ಲಿನ ವಿಚಾರಣಾ ಆಯೋಗ ಇದು ಕ್ರೂರ, ನ್ಯಾಯವೂ ಅಲ್ಲ, ಕಾನೂನಿಗೆ ಒಪ್ಪುವಂಥದ್ದೂ ಅಲ್ಲ ಎಂದು ಬರೆಯಿತು. ಆ ಭಾಗಾಕಾರದ ಕೋಡ್ ಬರೆದವರು ಬಹುಶಃ ಅದನ್ನು ಚೆನ್ನಾಗಿಯೇ ಬರೆದಿದ್ದರು. ಎಲ್ಲ ಟೆಸ್ಟ್ ಪಾಸಾಗಿರಬೇಕು.

ಈಗ ಎಐ ಬಂದಿದೆ. ನಾನೂ ದಿನಾ ಬಳಸುತ್ತೇನೆ, ಕೆಲಸ ಹಗುರಾಗಿದೆ, ಅದರ ಮೇಲೆ ನನಗೆ ದ್ವೇಷ ಇಲ್ಲ. ಆದರೆ 2023ರಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಹಾಕಿದರು. ಅಂಥ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ನನಗೆ ಮುಖ್ಯ ಅನ್ನಿಸಿದ್ದು ದಂಡ ಅಲ್ಲ. ಅವರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಇದು ನಿಜವಾದ ಪ್ರಕರಣವೇ ಅಂತ. ಹೌದು ಎಂದು ಅದು ಹೇಳಿತ್ತು. ನಾನು ಲಾಗ್ ತೆಗೆದು ನೋಡಿ ಟಿಕೆಟ್ ಮುಚ್ಚಿದ್ದೂ ಹೀಗೆಯೇ. ಸಿಸ್ಟಮ್ ಸರಿಯಾಗಿದೆಯೇ ಎಂದು ಸಿಸ್ಟಮನ್ನೇ ಕೇಳಿದ್ದೆ.

ನಮ್ಮ ಟೀಮಿನಲ್ಲಿ ಟಿಕೆಟ್ ಮುಚ್ಚುವಾಗ ಒಂದು ಪಟ್ಟಿಯಿಂದ ಕಾರಣ ಆರಿಸಬೇಕು. ಅದರಲ್ಲಿ "ಬಳಕೆದಾರರ ತಪ್ಪು" ಎಂಬುದೂ ಇತ್ತು. ಹೋದ ವರ್ಷ ಅದನ್ನು ತೆಗೆಸಿದೆ. "ಕಾರಣ ಇನ್ನೂ ಗೊತ್ತಾಗಿಲ್ಲ" ಎಂದು ಹಾಕಿಸಿದೆ. ಸುಲಭವಾಗಲಿಲ್ಲ. ಮುಚ್ಚದ ಟಿಕೆಟ್‌ಗಳ ಸಂಖ್ಯೆ ಏರುತ್ತದೆ, ತಿಂಗಳ ವರದಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಎರಡು ಮೀಟಿಂಗ್ ಆದವು. ಅದು ಏರಿದ್ದೂ ನಿಜ. ಅದರಲ್ಲಿ ಕೆಲವು ಕೊನೆಗೂ ಬಳಕೆದಾರರ ಕಡೆಯ ತಪ್ಪೇ ಆಗಿರುತ್ತವೆ. ಆದರೂ ಅಷ್ಟು ಹೊತ್ತು ತೆರೆದಿಡುವುದು ವ್ಯರ್ಥ ಎಂದು ನನಗೆ ಅನ್ನಿಸುವುದಿಲ್ಲ.

ಈಗ ನನ್ನ ಮುಂದೆ ಒಂದಿದೆ. ಹನ್ನೊಂದು ದಿನದಿಂದ ತೆರೆದೇ ಇದೆ. ಒಬ್ಬರು ತುಂಬಿದ ಅರ್ಜಿಗಳಲ್ಲಿ ದಿನಾಂಕ ಒಂದು ದಿನ ಹಿಂದೆ ಬೀಳುತ್ತಿದೆ. ಬೇರೆ ಯಾರಿಗೂ ಆಗುತ್ತಿಲ್ಲ. ಲಾಗ್‌ನಲ್ಲಿ ಎಲ್ಲ ಸರಿಯಾಗಿದೆ. ಅರ್ಜಿ ತುಂಬುವಾಗ ಏನು ಮಾಡುತ್ತೀರಿ, ಯಾವಾಗ ತುಂಬುತ್ತೀರಿ ಎಂದು ಕೇಳಿ ಬರೆದಿದ್ದೆ. ನಿನ್ನೆ ಉತ್ತರ ಬಂತು. "ರಾತ್ರಿ, ಮಕ್ಕಳು ಮಲಗಿ ಎಲ್ಲ ಕೆಲಸ ಮುಗಿದ ಮೇಲೆ ಕೂರುತ್ತೇನೆ" ಎಂದಿದ್ದಾರೆ. ಹನ್ನೆರಡು ದಾಟಿರುತ್ತದೆಯೇ ಎಂದು ಮತ್ತೆ ಕೇಳಿದ್ದೇನೆ. ನಮ್ಮ ಸರ್ವರ್‌ಗಳ ಗಡಿಯಾರ ಅವರ ಮನೆಯ ಗಡಿಯಾರಕ್ಕಿಂತ ಕೆಲವು ಗಂಟೆ ಹಿಂದಿದೆ.